ಲೋಕಪೂರಣ

ನನ್ನ ತಾಯಿಯವರು ತೀರಿಕೊಂಡ ಮರುವಾರ ತಂದೆಯವರ ಹಳೆಯ ಸ್ನೇಹಿತರೊಬ್ಬರು ನಮ್ಮನ್ನು ಕಾಣಲು ಬಂದಿದ್ದರು. ವೇದಾಂತವನ್ನು ಶ್ರದ್ಧೆಯಿಂದ ಓದಿದವರು. ಹೊರಡುವಾಗ ನನ್ನ ಕೈ ಹಿಡಿದು, “ನೀನು ಓದಿದವನು, ನಿನಗೆ ನಾನೇನು ಹೇಳಲಿ? ಹನಿ ಕಡಲನ್ನು ಸೇರಿತು ಅಂದುಕೋ. ಇಡೀ ವಿಶ್ವವೇ ಒಂದು. ಅಮ್ಮ ಅದರಲ್ಲಿ ಒಂದಾದರು” ಎಂದರು. ಅವರ ಕಣ್ಣು ತೇವವಾಗಿತ್ತು. ನಾನು ತಲೆಯಾಡಿಸಿದೆ. ಆ ಹೊತ್ತಿಗೆ ಆ ಮಾತು ಹಿತವಾಗಿಯೇ ಇತ್ತು.

ರಾತ್ರಿ ನಿದ್ದೆ ಬಾರದೆ ಕುಳಿತಿದ್ದಾಗ, ಈ ಮಾತನ್ನು ನನ್ನ ತಾಯಿ ಒಪ್ಪುತ್ತಿರಲಿಲ್ಲ ಎಂಬುದು ಹೊಳೆಯಿತು. ಶಾಸ್ತ್ರಾಭ್ಯಾಸ ಮಾಡಿದವರಲ್ಲವಾದರೂ ಜೀವ ಎಂಬುದು ಯಾವುದರಲ್ಲೂ ಕರಗುವ ವಸ್ತುವಲ್ಲ ಎಂಬುದನ್ನು ಅವರು ಅನ್ನದ ರುಚಿಯಷ್ಟು ಸಹಜವಾಗಿ ತಿಳಿದಿದ್ದರು. ಅದರ ಹಿಂದೆಯೇ ಇನ್ನೊಂದು ವಿಚಾರವೂ ಬಂದಿತು. ಆ ಹಿರಿಯರು ಹೇಳಿದ್ದನ್ನೇ ಹೆಚ್ಚುಕಡಿಮೆ ನಾನೂ ಅನೇಕ ವರ್ಷ ತರಗತಿಯಲ್ಲಿ ಹೇಳುತ್ತ ಬಂದಿದ್ದೆ. ಅದೂ ಜೈನದರ್ಶನದ ಹೆಸರಿನಲ್ಲಿ. ಈ ಬರಹ ಆ ತಪ್ಪಿನ ಲೆಕ್ಕ.

ನಮ್ಮ ಮನೆಯ ಚಾವಡಿಯಲ್ಲಿ ಲೋಕಾಕಾರದ ಒಂದು ಚಿತ್ರವಿತ್ತು. ಕಾಲುಗಳನ್ನು ಅಗಲಿಸಿ, ಎರಡು ಕೈಗಳನ್ನೂ ಸೊಂಟದ ಮೇಲಿಟ್ಟು ನಿಂತ ಪುರುಷನಂತೆ ಅದರ ಆಕೃತಿ. ಎತ್ತರ ಹದಿನಾಲ್ಕು ರಜ್ಜು. ಪಾದದಲ್ಲಿ ಏಳು ರಜ್ಜು ಅಗಲ, ನಡುವಿನಲ್ಲಿ ಒಂದು, ಮೊಣಕೈಗಳ ಎಡೆಯಲ್ಲಿ, ಅಂದರೆ ಬ್ರಹ್ಮಲೋಕದ ಮಟ್ಟದಲ್ಲಿ ಐದು, ತಲೆಯಲ್ಲಿ ಮತ್ತೆ ಒಂದು. ಕೆಳಗೆ ಏಳು ನರಕಭೂಮಿಗಳು, ಮೇಲೆ ಕಲ್ಪಗಳು, ಗ್ರೈವೇಯಕಗಳು, ಅನುತ್ತರಗಳು, ತುದಿಯಲ್ಲಿ ಅರ್ಧಚಂದ್ರನಂತೆ ಸಿದ್ಧಶಿಲೆ. ಬಾಲ್ಯದಲ್ಲಿ ಒಮ್ಮೆ, “ಇದರಲ್ಲಿ ನಾವೆಲ್ಲಿದ್ದೇವೆ?” ಎಂದು ಕೇಳಿದ್ದೆ. ತಂದೆಯವರು ಸೊಂಟದ ಬಳಿ ಎಳೆದಿದ್ದ ಸಣ್ಣ ಗೆರೆಯೊಂದನ್ನು ತೋರಿಸಿ, “ಈ ಗೆರೆಯ ದಪ್ಪದೊಳಗೆ” ಎಂದರು. ಮಧ್ಯಲೋಕದ ಎತ್ತರ ಮೇರುವಿನಷ್ಟು, ಅಂದರೆ ಒಂದು ಲಕ್ಷ ಯೋಜನ. ರಜ್ಜುವಾದರೋ ಅಸಂಖ್ಯಾತ ಯೋಜನಗಳದ್ದು. ಆ ಅಳತೆಯಲ್ಲಿ ಮಧ್ಯಲೋಕಕ್ಕೆ ದಪ್ಪವೇ ಇಲ್ಲವೆನ್ನಬೇಕು.

ಮುಂದೆ ನಾನು ಅಧ್ಯಾಪಕನಾದಾಗ ಈ ಚಿತ್ರವನ್ನು ವಿದ್ಯಾರ್ಥಿಗಳ ಮುಂದಿಟ್ಟು ಒಂದು ಸಿದ್ಧ ವ್ಯಾಖ್ಯಾನವನ್ನು ಕೊಡುತ್ತಿದ್ದೆ. ಋಗ್ವೇದದ ಪುರುಷಸೂಕ್ತದಲ್ಲಿ ವಿಶ್ವವೆಲ್ಲ ಒಬ್ಬ ಪುರುಷನ ಅಂಗಾಂಗಗಳಿಂದ ಹುಟ್ಟುತ್ತದೆ, ಭಗವದ್ಗೀತೆಯಲ್ಲಿ ಅದು ವಿಶ್ವರೂಪವಾಗಿ ಕಾಣಿಸಿಕೊಳ್ಳುತ್ತದೆ, ಜೈನರಲ್ಲಿ ಲೋಕಪುರುಷನಾಗಿ ನಿಲ್ಲುತ್ತದೆ, ಮೂರರಲ್ಲೂ ವಿಶ್ವವೆಂಬುದು ಒಂದೇ ಮಹಾಶರೀರ, ಒಂದು ಅಖಂಡ ಪೂರ್ಣ — ಇದು ನನ್ನ ವ್ಯಾಖ್ಯಾನ. ಕೇಳುವವರಿಗೆ ಇಷ್ಟವಾಗುತ್ತಿತ್ತು. ಭಾರತೀಯ ಚಿಂತನೆಯ ಏಕತೆಯನ್ನು ತೋರಿಸಿದೆನೆಂಬ ಸಂತೋಷ ನನಗೂ ಇತ್ತು. ಒಂದು ದಿನ ಹಿಂದಿನ ಬೆಂಚಿನ ವಿದ್ಯಾರ್ಥಿನಿಯೊಬ್ಬಳು ಎದ್ದು, “ಸರ್, ಲೋಕ ಪುರುಷನಾದರೆ ಅವನಿಗೆ ಜೀವ ಇದೆಯೇ? ಇದ್ದರೆ ಅದು ಯಾರ ಜೀವ?” ಎಂದು ಕೇಳಿದಳು. “ಅದೊಂದು ರೂಪಕ ಅಷ್ಟೆ” ಎಂದು ಹೇಳಿ ಪಾಠವನ್ನು ಮುಂದುವರಿಸಿದೆ. ಆ ಉತ್ತರ ತಪ್ಪಾಗಿರಲಿಲ್ಲ. ಆದರೆ ನನ್ನ ವ್ಯಾಖ್ಯಾನವೆಲ್ಲ ನಿಂತಿದ್ದು ಅದನ್ನು ರೂಪಕವೆಂದು ಮರೆತದ್ದರ ಮೇಲೆಯೇ.

ತಾಯಿಯವರ ಮರಣಾನಂತರ ಆ ಪ್ರಶ್ನೆಯನ್ನು ಹಿಡಿದು ನಾನು ಮರಳಿ ಧವಲಾ ಟೀಕೆಗೆ ಹೋದೆ. ಪುಷ್ಪದಂತ-ಭೂತಬಲಿಗಳ ಷಟ್‌ಖಂಡಾಗಮಕ್ಕೆ ವೀರಸೇನಾಚಾರ್ಯರು ಬರೆದ ಈ ಟೀಕೆ ಮುಗಿದದ್ದು ಕ್ರಿ.ಶ. 816ರಲ್ಲಿ. ಹಳಗನ್ನಡ ಲಿಪಿಯಲ್ಲಿ ಬರೆದ ಅದರ ತಾಳೆಗರಿಗಳನ್ನು ಶತಮಾನಗಳ ಕಾಲ ಕಾಪಾಡಿಕೊಂಡು ಬಂದದ್ದು ನಮ್ಮ ಮೂಡುಬಿದಿರೆ. 1939ರಿಂದ ಹೀರಾಲಾಲ್ ಜೈನ್ ಅವರ ಸಂಪಾದಕತ್ವದಲ್ಲಿ ಅಚ್ಚಾಗತೊಡಗಿದ ಮೇಲೆಯೇ ಅದು ಹೊರಗಿನ ವಿದ್ವಾಂಸರ ಕೈಗೆ ಸಿಕ್ಕಿತು. ಅದರ ಕ್ಷೇತ್ರಾನುಗಮದಲ್ಲಿ ವೀರಸೇನರು ಲೋಕದ ಘನಫಲವನ್ನು ಲೆಕ್ಕ ಹಾಕುವ ಭಾಗವೊಂದಿದೆ. ಗಣಿತದ ಚರಿತ್ರೆಯನ್ನು ಬರೆಯುವವರು ಅದನ್ನು ಬಹಳವಾಗಿ ಮೆಚ್ಚಿದ್ದಾರೆ. ನನಗೆ ಬೇಕಾದ ಉತ್ತರವೂ ಅಲ್ಲಿಯೇ ಇತ್ತು.

ಲೋಕವು ಜಗಚ್ಛ್ರೇಣಿಯ ಘನ ಎಂಬುದು ಪರಂಪರೆಯಿಂದ ಬಂದ ಮಾತು. ಜಗಚ್ಛ್ರೇಣಿ ಏಳು ರಜ್ಜು. ಏಳರ ಘನ 343. ಹಾಗಾಗಿ ಲೋಕ 343 ಘನರಜ್ಜು. ಪರಂಪರೆಯಿಂದಲೇ ಬಂದ ಇನ್ನೊಂದು ಮಾತು, ಲೋಕದ ಮೇಲ್ಭಾಗ ಮೃದಂಗದಂತಿದೆ ಎಂಬುದು. ಈ ಮಾತನ್ನು ಅಕ್ಷರಶಃ ಹಿಡಿದು ಲೋಕವನ್ನು ಎಲ್ಲ ಕಡೆಯಿಂದಲೂ ದುಂಡಗಿರುವ ಆಕೃತಿಯೆಂದು ಭಾವಿಸಿದರೆ ಘನಫಲ ಎಷ್ಟಾಗುತ್ತದೆ ಎಂಬುದನ್ನು ವೀರಸೇನರು ಆಕೃತಿಯನ್ನು ಖಂಡಖಂಡವಾಗಿ ಸೀಳಿ ಲೆಕ್ಕ ಮಾಡುತ್ತಾರೆ. ಬರುವುದು 164 ಘನರಜ್ಜುವಿಗಿಂತ ಸ್ವಲ್ಪ ಹೆಚ್ಚು. 343ರ ಅರ್ಧವೂ ಇಲ್ಲ. ಸಂಖ್ಯೆಗೂ ಚಿತ್ರಕ್ಕೂ ತಾಳೆಯಾಗುವುದಿಲ್ಲ. ಎರಡರಲ್ಲಿ ಒಂದನ್ನು ತಿದ್ದಬೇಕು.

ವೀರಸೇನರು ತಿದ್ದಿದ್ದು ಚಿತ್ರವನ್ನು. ಪೂರ್ವ-ಪಶ್ಚಿಮವಾಗಿ ಲೋಕದ ಅಗಲ ಏಳು, ಒಂದು, ಐದು, ಒಂದು ಎಂದು ಕುಗ್ಗಿ ಹಿಗ್ಗುತ್ತದೆ. ಆದರೆ ಉತ್ತರ-ದಕ್ಷಿಣವಾಗಿ ಅದು ಅಡಿಯಿಂದ ಮುಡಿಯವರೆಗೂ ಏಳು ರಜ್ಜುವೇ. ಈಗ ಲೆಕ್ಕ ಯಾರಾದರೂ ಮಾಡಬಹುದಾದಷ್ಟು ಸುಲಭ. ಅಧೋಲೋಕದ ಸರಾಸರಿ ಅಗಲ ನಾಲ್ಕು, ಎತ್ತರ ಏಳು, ಆಳ ಏಳು, ಒಟ್ಟು 196. ಊರ್ಧ್ವಲೋಕದ ಸರಾಸರಿ ಅಗಲ ಮೂರು, ಎತ್ತರ ಏಳು, ಆಳ ಏಳು, ಒಟ್ಟು 147. ಎರಡೂ ಕೂಡಿ 343. ತಿಲೋಯಪಣ್ಣತ್ತಿಯಲ್ಲಿಯೂ, ಚಾವುಂಡರಾಯನ ಕಾಲದ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳ ತ್ರಿಲೋಕಸಾರದಲ್ಲಿಯೂ ಇರುವುದು ಈ ಲೆಕ್ಕವೇ.

ಕಾಗದದ ಮೇಲೆ ಈ ಆಕೃತಿಯನ್ನು ಬರೆದು ನೋಡುತ್ತಿದ್ದಾಗ ನನಗೆ ಮೊದಲ ಸಲ ಒಂದು ಸಂಗತಿ ಕಂಡಿತು. ದಕ್ಷಿಣಕ್ಕೆ ನಿಂತು ನೋಡಿದರೆ ಲೋಕ ಪುರುಷಾಕಾರ. ಪಕ್ಕಕ್ಕೆ ಸರಿದು ಪೂರ್ವಕ್ಕೆ ನಿಂತು ನೋಡಿದರೆ ಏಳು ರಜ್ಜು ಅಗಲದ, ಹದಿನಾಲ್ಕು ರಜ್ಜು ಎತ್ತರದ ಒಂದು ಆಯತ. ಅಲ್ಲಿ ಸೊಂಟವಿಲ್ಲ, ಮೊಣಕೈಯಿಲ್ಲ, ತಲೆಯಿಲ್ಲ. ಪುರುಷನಿರುವುದು ಒಂದು ದಿಕ್ಕಿನ ನೋಟದಲ್ಲಿ ಮಾತ್ರ. ಆ ವಿದ್ಯಾರ್ಥಿನಿಯ ಪ್ರಶ್ನೆಗೆ ಹನ್ನೆರಡು ಶತಮಾನಗಳ ಹಿಂದೆಯೇ ಲೆಕ್ಕದ ಭಾಷೆಯಲ್ಲಿ ಉತ್ತರವಿತ್ತು: ಲೋಕಕ್ಕೆ ತನ್ನದೆಂಬ ಜೀವವಿಲ್ಲ, ಏಕೆಂದರೆ ಅದು ಯಾರ ಶರೀರವೂ ಅಲ್ಲ.

ಈ ಅಳತೆಗಳನ್ನು ಇಂದಿನ ಖಗೋಳವಿಜ್ಞಾನದ ಪಕ್ಕದಲ್ಲಿಟ್ಟು ನಮ್ಮ ಆಚಾರ್ಯರು ಎಲ್ಲವನ್ನೂ ಮೊದಲೇ ಕಂಡಿದ್ದರೆಂದು ಸಾಧಿಸುವ ಉತ್ಸಾಹ ನನಗಿಲ್ಲ. ದೂರದರ್ಶಕದ ಪ್ರಶ್ನೆಗಳಿಗೆ ದೂರದರ್ಶಕವೇ ಉತ್ತರಿಸಲಿ. ಲೋಕಗ್ರಂಥಗಳನ್ನು ನಾವು ಓದಬೇಕಾದದ್ದು ‘ಇಡಿಯಾದದ್ದು’ ಎಂದರೆ ಏನೆಂದು ಒಂದು ಪರಂಪರೆ ಎಷ್ಟು ನಿಷ್ಠುರವಾಗಿ ಯೋಚಿಸಿತು ಎಂಬುದನ್ನು ತಿಳಿಯಲು.

ಜೀವ, ಪುದ್ಗಲ, ಧರ್ಮ, ಅಧರ್ಮ, ಆಕಾಶ, ಕಾಲ ಎಂಬ ಆರು ದ್ರವ್ಯಗಳು ಎಲ್ಲಿ ಕಾಣುತ್ತವೆಯೋ ಅದು ಲೋಕ. ಇದನ್ನು ಯಾರೂ ಮಾಡಿದ್ದಲ್ಲ, ಯಾರೂ ಹೊತ್ತಿಲ್ಲ, ಯಾರೂ ಅಳಿಸಲಾರರು. ಘನೋದಧಿ, ಘನವಾತ, ತನುವಾತ ಎಂಬ ಮೂರು ವಲಯಗಳು ಇದನ್ನು ಸುತ್ತುವರಿದಿವೆ. ಅದರಾಚೆಗೆ ಕೊನೆಯಿಲ್ಲದ ಅಲೋಕಾಕಾಶ, ಬರಿಯ ಆಕಾಶ. ಅಲ್ಲಿಗೆ ಯಾವುದೂ ಹೋಗಲಾರದು. ಚಲನೆಗೆ ನಿಮಿತ್ತವಾದ ಧರ್ಮದ್ರವ್ಯ ಲೋಕದ ಅಂಚಿಗೆ ಮುಗಿಯುತ್ತದೆ. ಮುಕ್ತಜೀವವೂ ಲೋಕಾಗ್ರದಲ್ಲಿ ನಿಲ್ಲುವುದು ಈ ಕಾರಣದಿಂದಲೇ. ಲೋಕವು ಪೂರ್ಣ ಎಂದಾಗ ಜೈನರ ಅರ್ಥ ಇಷ್ಟು: ಇದರೊಳಗೆ ಹೊಸದಾಗಿ ಒಂದು ಪರಮಾಣು ಹುಟ್ಟುವುದಿಲ್ಲ, ಇದರಿಂದ ಒಂದು ಪರಮಾಣು ಕಳೆದುಹೋಗುವುದಿಲ್ಲ. ಹಾಗೆಯೇ ಜೀವಗಳೂ.

ಈ ಆರೂ ದ್ರವ್ಯಗಳು ಒಂದೇ ಎಡೆಯಲ್ಲಿವೆ. ಒಂದು ಮತ್ತೊಂದಕ್ಕೆ ಅವಕಾಶ ಕೊಡುತ್ತದೆ, ಒಂದು ಮತ್ತೊಂದರೊಳಗೆ ಹೊಕ್ಕಿರುತ್ತದೆ. ಆದರೂ ಯಾವುದೂ ತನ್ನ ಸ್ವಭಾವವನ್ನು ಬಿಡುವುದಿಲ್ಲ ಎಂದು ಕುಂದಕುಂದಾಚಾರ್ಯರು ಪಂಚಾಸ್ತಿಕಾಯದಲ್ಲಿ ಹೇಳಿದ್ದಾರೆ. ಕಾಲಾಣುಗಳು ಲೋಕದ ಒಂದೊಂದು ಪ್ರದೇಶದಲ್ಲಿ ಒಂದೊಂದರಂತೆ ರತ್ನರಾಶಿಯ ಹಾಗೆ ಬಿಡಿಬಿಡಿಯಾಗಿವೆ ಎಂಬ ಹೋಲಿಕೆ ದ್ರವ್ಯಸಂಗ್ರಹದಲ್ಲಿದೆ. ರಾಶಿ ಒಂದು, ರತ್ನಗಳು ಬೇರೆ. ಉಪನಿಷತ್ತಿನ ಪೂರ್ಣಕ್ಕೂ ಇದಕ್ಕೂ ಇರುವ ಅಂತರವನ್ನು ಮುಚ್ಚಿಟ್ಟು ಎರಡನ್ನೂ ಒಂದೆನ್ನುವುದು ಎರಡಕ್ಕೂ ಮಾಡುವ ಅನ್ಯಾಯ. ಅಲ್ಲಿ ಭೇದವು ಕರಗಿದಾಗ ಪೂರ್ಣತೆ ತಿಳಿಯುತ್ತದೆ. ಇಲ್ಲಿ ಭೇದವೊಂದು ಕರಗಿದರೂ ಪೂರ್ಣತೆಗೆ ಕೊರತೆ ಬರುತ್ತದೆ.

ಸಾಹಿತ್ಯದ ವಿದ್ಯಾರ್ಥಿಗಳು ಈ ವಿವರಗಳನ್ನು ಪುರಾಣಕಾವ್ಯಗಳ ಹೊರೆಯೆಂದು ದಾಟಿಬಿಡುವುದುಂಟು. ಆದರೆ ಪಂಪನು 941ರಲ್ಲಿ ಬರೆದ ಆದಿಪುರಾಣದ ಭವಾವಳಿಯನ್ನು ಈ ನಕ್ಷೆಯಿಲ್ಲದೆ ಓದಲಾಗದು. ಮಹಾಬಲನಾಗಿದ್ದ ಜೀವ ಈಶಾನಕಲ್ಪದಲ್ಲಿ ಲಲಿತಾಂಗನಾಗುತ್ತದೆ. ಅಲ್ಲಿಂದ ಇಳಿದು ವಜ್ರಜಂಘನಾಗುತ್ತದೆ, ಭೋಗಭೂಮಿಯ ಆರ್ಯನಾಗುತ್ತದೆ, ಮತ್ತೆ ಏರಿ ಶ್ರೀಧರದೇವನಾಗುತ್ತದೆ, ಕೊನೆಗೆ ಸರ್ವಾರ್ಥಸಿದ್ಧಿಯವರೆಗೆ ಹೋಗಿ ಬಂದು ಪುರುದೇವನಾಗುತ್ತದೆ. ಆ ಜೀವದ ಹಿಂದೆಯೇ ಇನ್ನೊಂದು ಜೀವ. ಲಲಿತಾಂಗನಿಗೆ ಸ್ವಯಂಪ್ರಭೆಯಾಗಿ, ವಜ್ರಜಂಘನಿಗೆ ಶ್ರೀಮತಿಯಾಗಿ ಬಂದದ್ದು ಅದೇ. ಧೂಪದ ಹೊಗೆ ತುಂಬಿದ ಶಯ್ಯಾಗೃಹದಲ್ಲಿ ಇಬ್ಬರೂ ಒಟ್ಟಿಗೆ ಪ್ರಾಣ ಬಿಡುತ್ತಾರೆ. ಪ್ರೇಮದ ಕಥೆಯಾಗಿದ್ದರೆ ಇಬ್ಬರೂ ಒಂದಾದರೆಂದು ಅಲ್ಲಿಗೇ ಮುಗಿಸಬಹುದಿತ್ತು. ಇಲ್ಲಿ ಹಾಗಾಗುವುದಿಲ್ಲ. ಒಟ್ಟಿಗೆ ಸತ್ತರೂ ಎರಡು ಜೀವಗಳು ಎರಡೇ. ಭವದಿಂದ ಭವಕ್ಕೆ ನಂಟು ಬದಲಾಗುತ್ತ ಹೋಗಿ, ಕೊನೆಗೆ ಶ್ರೀಮತಿಯ ಜೀವ ಹಸ್ತಿನಾಪುರದಲ್ಲಿ ಶ್ರೇಯಾಂಸನಾಗಿರುತ್ತದೆ. ಆಹಾರ ದೊರೆಯದೆ ಸಂಚರಿಸುತ್ತಿದ್ದ ಆದಿನಾಥರನ್ನು ಕಂಡೊಡನೆ ಶ್ರೇಯಾಂಸನಿಗೆ ಹಿಂದಿನ ಭವದಲ್ಲಿ ಇಬ್ಬರೂ ಸೇರಿ ಮುನಿಗಳಿಗೆ ಕೊಟ್ಟ ದಾನ ನೆನಪಾಗುತ್ತದೆ. ಅಂಜಲಿಗೆ ಕಬ್ಬಿನ ರಸವನ್ನು ಎರೆಯುತ್ತಾನೆ. ಅಷ್ಟು ಭವಗಳ ಪ್ರೀತಿ ಮುಟ್ಟುವ ತುದಿ ಆ ಬೊಗಸೆ ರಸ. ಇಬ್ಬರೂ ಬೇರೆಬೇರೆಯಾಗಿ ಉಳಿದದ್ದರಿಂದಲೇ ಒಬ್ಬರು ಕೊಡಲು, ಇನ್ನೊಬ್ಬರು ಕೊಳ್ಳಲು ಸಾಧ್ಯವಾಯಿತು.

ನೀಲಾಂಜನೆಯ ಪ್ರಸಂಗ ಎಲ್ಲರಿಗೂ ಗೊತ್ತು. ಆಡುತ್ತಿದ್ದಂತೆಯೇ ಅವಳ ಆಯುಷ್ಯ ಮುಗಿಯಿತು. ರಸಭಂಗವಾಗದಂತೆ ಇಂದ್ರನು ಅವಳಂತೆಯೇ ಇರುವ ಇನ್ನೊಬ್ಬಳನ್ನು ಆ ಜಾಗದಲ್ಲಿ ನಿಲ್ಲಿಸಿದ. ಸಭೆಗೆ ನೃತ್ಯ ಇಡಿಯಾಗಿಯೇ ಕಂಡಿತು. ಪುರುದೇವನಿಗೆ ಮಾತ್ರ ಒಬ್ಬಳು ಇಲ್ಲವಾದದ್ದು ಕಂಡಿತು. ದೇಹದ ಅನಿತ್ಯತೆಗೆ ದೃಷ್ಟಾಂತವೆಂದು ಈ ಪ್ರಸಂಗವನ್ನು ನಾವು ಓದುತ್ತೇವೆ, ಅದು ಸರಿ. ತಾಯಿಯವರು ಹೋದ ಮೇಲೆ ಓದಿದಾಗ ಇದರಲ್ಲಿ ನನಗೆ ಇನ್ನೊಂದು ಮಾತೂ ಕೇಳಿಸಿತು. ಇಡೀ ನೃತ್ಯ ಕುಂದಿಲ್ಲದೆ ನಡೆಯಿತು ಎನ್ನುವುದು ಹೋದ ಒಬ್ಬಳಿಗೆ ಉತ್ತರವಲ್ಲ. ವಿಶ್ವ ಪೂರ್ಣವಾಗಿದೆ ಎಂಬ ಸಮಾಧಾನವನ್ನು ನನ್ನ ಮನಸ್ಸು ಒಪ್ಪದೆ ಹೋದದ್ದೂ ಇದೇ ಕಾರಣಕ್ಕೆ.

ಹಾಗಾದರೆ ಒಂದು ಜೀವಕ್ಕೂ ಇಡೀ ಲೋಕಕ್ಕೂ ಸಂಬಂಧವೇ ಇಲ್ಲವೇ? ಇದೆ. ಅದು ಕಡಲು-ಹನಿಯ ಸಂಬಂಧಕ್ಕಿಂತಲೂ ಆಶ್ಚರ್ಯಕರವಾದದ್ದು. ಒಂದು ಪರಮಾಣು ಹಿಡಿಯುವಷ್ಟು ಆಕಾಶಕ್ಕೆ ಪ್ರದೇಶವೆಂದು ಹೆಸರು. ಲೋಕಾಕಾಶಕ್ಕೆ ಎಷ್ಟು ಪ್ರದೇಶಗಳೋ ಒಂದೊಂದು ಜೀವಕ್ಕೂ ಅಷ್ಟೇ ಪ್ರದೇಶಗಳು. ಇರುವೆಯ ಜೀವಕ್ಕೂ ಅಷ್ಟೇ, ಆನೆಯ ಜೀವಕ್ಕೂ ಅಷ್ಟೇ. ದೀಪದ ಬೆಳಕು ಗಡಿಗೆಯೊಳಗಿದ್ದಾಗ ಗಡಿಗೆಯಷ್ಟು, ಕೋಣೆಯಲ್ಲಿದ್ದಾಗ ಕೋಣೆಯಷ್ಟು ಆಗುವಂತೆ ಜೀವವು ದೊರೆತ ದೇಹದಷ್ಟಕ್ಕೆ ಸಂಕೋಚಗೊಂಡಿರುತ್ತದೆ. ಹನಿ ಕಡಲಿಗಿಂತ ಚಿಕ್ಕದು. ಜೀವ ಲೋಕಕ್ಕಿಂತ ಚಿಕ್ಕದಲ್ಲ.

ಈ ಸಮಾನತೆ ಬರಿಯ ಲೆಕ್ಕವಾಗಿ ಉಳಿಯದೆ ನಡೆದೇ ಹೋಗುವ ಒಂದು ಗಳಿಗೆಯನ್ನು ಆಗಮ ಹೇಳುತ್ತದೆ. ಕೇವಲಜ್ಞಾನಿಯ ಆಯುಷ್ಯ ಅಂತರ್ಮುಹೂರ್ತ ಮಾತ್ರ ಉಳಿದಿದೆ, ಆದರೆ ವೇದನೀಯ, ನಾಮ, ಗೋತ್ರ ಕರ್ಮಗಳ ಸ್ಥಿತಿ ಅದಕ್ಕಿಂತ ಹೆಚ್ಚಿದೆ ಎಂದಾದಾಗ, ಅವುಗಳನ್ನು ಸಮಮಾಡಲು ಆ ಜೀವದ ಪ್ರದೇಶಗಳು ದೇಹವನ್ನು ಬಿಡದೆಯೇ ಹೊರಗೆ ಹರಡುತ್ತವೆ. ಮುದ್ದೆಯಾಗಿದ್ದ ಒದ್ದೆ ಬಟ್ಟೆಯನ್ನು ಹರಡಿದರೆ ಬೇಗ ಒಣಗುವಂತೆ ಎಂಬುದು ಆಚಾರ್ಯರು ಕೊಡುವ ಹೋಲಿಕೆ. ಮೊದಲ ಸಮಯದಲ್ಲಿ ದಂಡದಂತೆ ಮೇಲಕ್ಕೂ ಕೆಳಕ್ಕೂ, ಎರಡನೆಯದರಲ್ಲಿ ಕಪಾಟದಂತೆ, ಮೂರನೆಯದರಲ್ಲಿ ವಾತವಲಯಗಳನ್ನು ಬಿಟ್ಟು ಉಳಿದೆಲ್ಲ ಕಡೆ. ನಾಲ್ಕನೆಯ ಸಮಯದಲ್ಲಿ ಅವೂ ತುಂಬುತ್ತವೆ. ಇದಕ್ಕೆ ಲೋಕಪೂರಣವೆಂದು ಹೆಸರು. ಲೋಕದ ನಡುವೆ, ಮೇರುವಿನ ಬುಡದಲ್ಲಿರುವ ಎಂಟು ಪ್ರದೇಶಗಳ ಮೇಲೆ ಜೀವದ ನಡುವಣ ಎಂಟು ಪ್ರದೇಶಗಳು ನಿಲ್ಲುತ್ತವೆ. ಉಳಿದವು ಲೋಕದ ಒಂದೊಂದು ಪ್ರದೇಶದಲ್ಲೂ ಒಂದೊಂದು. ಒಂದೂ ಹೆಚ್ಚಿಲ್ಲ, ಒಂದೂ ಕಡಿಮೆಯಿಲ್ಲ.

ಆ ಒಂದು ಸಮಯದಲ್ಲಿ ಆ ಜೀವ ಇಲ್ಲದ ಎಡೆಯೇ ಇಲ್ಲ. ನರಕದಲ್ಲಿ ನರಳುವವರಿರುವಲ್ಲೂ ಅದಿದೆ, ಕಲ್ಪವಾಸಿಗಳಿರುವಲ್ಲೂ ಇದೆ, ನಾನು ಕುಳಿತಿರುವಲ್ಲೂ ಇದೆ. ಆದರೂ ಅದು ಬೇರೊಂದು ಜೀವವಾಗುವುದಿಲ್ಲ, ಬೇರೊಂದು ಜೀವ ಅದಾಗುವುದಿಲ್ಲ. ಬಳಿಕ ಬಂದ ಕ್ರಮದಲ್ಲಿಯೇ ಹಿಂದಿರುಗಿ, ಎಂಟನೆಯ ಸಮಯಕ್ಕೆ ತನ್ನ ದೇಹದಷ್ಟೇ ಆಗುತ್ತದೆ. ಇಡೀ ವಿಶ್ವವನ್ನು ತುಂಬುವ ಗಳಿಗೆಯೊಂದು ಜೈನದರ್ಶನದಲ್ಲಿ ಇಷ್ಟು ಸ್ಪಷ್ಟವಾಗಿದೆ. ಆದರೆ ಅದು ಮೋಕ್ಷವಲ್ಲ, ಮೋಕ್ಷಕ್ಕೆ ಮೊದಲಿನ ಒಂದು ಕೆಲಸ ಮಾತ್ರ. ಎಲ್ಲವನ್ನೂ ತುಂಬಿದ ಜೀವವೂ ಮರಳಿ ತಾನಾಗಿಯೇ ಸಿದ್ಧಕ್ಷೇತ್ರಕ್ಕೆ ಹೋಗಬೇಕು. ಅಲ್ಲಿಯೂ ಒಂದು ಸಿದ್ಧಜೀವವಿರುವ ಎಡೆಯಲ್ಲೇ ಅನಂತ ಸಿದ್ಧಜೀವಗಳಿವೆ. ಒಂದೇ ಕೋಣೆಯಲ್ಲಿ ಹಚ್ಚಿಟ್ಟ ಅನೇಕ ದೀಪಗಳ ಬೆಳಕಿನ ಹಾಗೆ ಅವು ಒಂದನ್ನೊಂದು ಹೊಕ್ಕಿವೆ, ಒಂದರೊಳಗೊಂದು ಕರಗಿಲ್ಲ.

ಸಿದ್ಧಶಿಲೆಯ ಅಗಲ ನಲವತ್ತೈದು ಲಕ್ಷ ಯೋಜನ. ಮನುಷ್ಯಲೋಕದ ಅಗಲವೂ ಅಷ್ಟೇ. ಜಂಬೂದ್ವೀಪ ಒಂದು ಲಕ್ಷ. ಅದರ ಎರಡೂ ಪಕ್ಕಕ್ಕೆ ಲವಣಸಮುದ್ರ ಎರಡೆರಡು ಲಕ್ಷ, ಧಾತಕೀಖಂಡ ನಾಲ್ಕು ನಾಲ್ಕು, ಕಾಲೋದಧಿ ಎಂಟೆಂಟು, ಪುಷ್ಕರಾರ್ಧ ಎಂಟೆಂಟು. ಕೂಡಿದರೆ ನಲವತ್ತೈದು. ಮನುಷ್ಯರಿರುವ ನೆಲದ ನೇರಕ್ಕೇ, ಅಷ್ಟೇ ವಿಸ್ತಾರದ ಎಡೆಯೊಂದು ಲೋಕದ ತುದಿಯಲ್ಲಿದೆ. ಚಿತ್ರದ ಆ ಸಣ್ಣ ಗೆರೆಯನ್ನು ತಂದೆಯವರು ತೋರಿಸಿದಾಗ ಅದು ನಮ್ಮ ಅಲ್ಪತೆಯ ಗುರುತೆಂದು ನಾನು ತಿಳಿದಿದ್ದೆ. ಲೋಕದ ಯಾವ ಎಡೆಯಿಂದಲೂ ಇಲ್ಲದ ಒಂದು ದಾರಿ ಆ ಗೆರೆಯಿಂದ ಮೇಲಕ್ಕಿದೆ ಎಂಬುದು ಆಗ ತಿಳಿದಿರಲಿಲ್ಲ.

ತಾಯಿಯವರು ಬಸದಿಗೆ ಹೋದಾಗಲೆಲ್ಲ ಅಕ್ಕಿಯಿಂದ ಸ್ವಸ್ತಿಕವನ್ನಿಟ್ಟು, ಅದರ ಮೇಲೆ ಮೂರು ಪುಂಜಗಳನ್ನು, ಅವುಗಳ ಮೇಲೆ ಅರ್ಧಚಂದ್ರವನ್ನು ಇಡುತ್ತಿದ್ದರು. ನಾಲ್ಕು ಗತಿಗಳು, ರತ್ನತ್ರಯ, ಸಿದ್ಧಶಿಲೆ. ಚಿತ್ರಪಟದ ಲೋಕವೆಲ್ಲ ಅವರ ಬೆರಳ ತುದಿಯಲ್ಲಿ ಅಷ್ಟಗಲಕ್ಕೆ ಇಳಿಯುತ್ತಿತ್ತು. ಅದಕ್ಕಾಗಿ ಹಿಂದಿನ ರಾತ್ರಿ ಮುರಿದ ಕಾಳುಗಳನ್ನು ಆಯ್ದು ಬೇರೆ ಮಾಡುತ್ತಿದ್ದರು. “ಅಕ್ಷತೆಯೆಂದರೆ ಇಡಿಯಾಗಿರಬೇಕು, ಒಂದೊಂದು ಕಾಳೂ” ಎನ್ನುತ್ತಿದ್ದರು. ಇಡೀ ಆಕೃತಿ ಸರಿಯಾಗಿ ಬಂದರೆ ಸಾಲದೇ, ಒಂದು ಕಾಳು ಮುರಿದಿದ್ದರೆ ಯಾರಿಗೆ ಗೊತ್ತಾಗುತ್ತದೆ ಎಂದು ನಾನು ನಕ್ಕದ್ದುಂಟು. ಅವರು ಉತ್ತರ ಕೊಡುತ್ತಿರಲಿಲ್ಲ, ಆಯುತ್ತಲೇ ಇರುತ್ತಿದ್ದರು.

ಆ ವಿದ್ಯಾರ್ಥಿನಿ ಈಗ ಎಲ್ಲಿದ್ದಾಳೋ ತಿಳಿಯದು. ಅವಳಿಗೆ ಅಂದು ಕೊಡಬೇಕಾಗಿದ್ದ ಉತ್ತರವನ್ನು ಇಲ್ಲಿ ಬರೆದಿದ್ದೇನೆ. ತಂದೆಯವರ ಸ್ನೇಹಿತರಿಗೆ ಮಾತ್ರ ನಾನು ಏನನ್ನೂ ಹೇಳಲಿಲ್ಲ. ಅವರು ತಮ್ಮಲ್ಲಿದ್ದ ಅತ್ಯುತ್ತಮವಾದದ್ದನ್ನೇ ನನಗೆ ಕೊಟ್ಟಿದ್ದರು. ತಾಯಿಯವರು ಯಾವುದರಲ್ಲೂ ಒಂದಾಗಿಲ್ಲ. ಈ 343 ಘನರಜ್ಜುಗಳ ಹೊರಗೆಲ್ಲೂ ಹೋಗಿಲ್ಲ. ಯಾವುದೋ ಗತಿಯಲ್ಲಿ, ಯಾವುದೋ ದೇಹದಷ್ಟೇ ಆಗಿ, ಇಡೀ ಲೋಕದಷ್ಟು ಪ್ರದೇಶಗಳನ್ನು ಹೊತ್ತುಕೊಂಡು ಅವರಿದ್ದಾರೆ. ಈಗ ಅವರು ನನ್ನ ತಾಯಿಯಲ್ಲ, ಆದರೆ ಆ ಜೀವ ಆ ಜೀವವೇ. ಕಳೆದ ತಿಂಗಳು ಊರಿಗೆ ಹೋದಾಗ ಬಸದಿಯಲ್ಲಿ ಅವರ ಹಾಗೆಯೇ ಅಕ್ಕಿಯನ್ನಿಟ್ಟು ಬಂದೆ. ಹಿಂದಿನ ರಾತ್ರಿ ಕಾಳುಗಳನ್ನು ಆಯಲು ನನಗೆ ಬಹಳ ಹೊತ್ತು ಹಿಡಿಯಿತು.